ಎರೆಮಣ್ಣಿಗೆ ಹೆದರಬೇಡಿ, ಅಂಗಳ ನೋಡಿಕೊಳ್ಳಿ

ಕಾರಹುಣ್ಣಿಮೆ ಮುಗಿದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಆ ಹೊತ್ತಿಗೆ ನರಗುಂದದ ಯಾವ ಓಣಿಗೆ ಹೋದರೂ ಕಟ್ಟೆಯ ಮೇಲೆ ಎರೆಮಣ್ಣಿನ ಮುದ್ದೆ, ಅದರ ಸುತ್ತ ಹುಡುಗರ ಗುಂಪು. ಜೋಡೆತ್ತು ಮಾಡಬೇಕು, ಅವಕ್ಕೊಂದು ಗ್ವಾದಲಿ ಮಾಡಬೇಕು. ಆಷಾಢ ಹಿಡಿಯಿತೆಂದರೆ ಮಂಗಳವಾರದ ಗುಳ್ಳವ್ವ. ಮೊಣಕೈವರೆಗೆ ಮಣ್ಣು ಮೆತ್ತಿಕೊಂಡ ಮಕ್ಕಳನ್ನು ಹಿಂದಿನವರು ಬೈದದ್ದು ಅಂಗಿ ಹೊಲಸಾಯಿತೆಂದು ಮಾತ್ರ. ಈಗಿನ ತಾಯಂದಿರ ಆತಂಕ ಬೇರೆ. “ಸರ್ರ, ಮಣ್ಣಾಗ ಸೀಸ ಇರತೈತಿ, ವಿಷದ ಲೋಹ ಇರತಾವ ಅಂತ ಮೊಬೈಲ್‌ನ್ಯಾಗ ಬರಾಕತ್ತೈತ್ರಿ. ನಮ್ಮ ಹುಡುಗ ದಿನಾ ಮಣ್ಣಾಗ ಆಡತಾನ, ಒಮ್ಮೊಮ್ಮಿ ತಿಂತಾನ. ಏನ್ ಮಾಡೂಣ್ರಿ?”

ನಾನು ಮಣ್ಣಿನ ರಸಾಯನಶಾಸ್ತ್ರ ಓದಿದವನು. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೊಲದ ಎರೆಮಣ್ಣಿಗೆ ಹೆದರಬೇಡಿ. ಮನೆಯ ಸುತ್ತಲಿನ ಇಪ್ಪತ್ತು–ಮೂವತ್ತು ಅಡಿಯೊಳಗೆ ಮನುಷ್ಯರು ತಂದು ಚೆಲ್ಲಿದ ಲೋಹದ ಮೇಲೆ ಕಣ್ಣಿಡಿ, ಮಗುವಿನ ಹೊಟ್ಟೆ ತುಂಬಿಸಿ. ಹೀಗೆ ಹೇಳಲು ಕಾರಣಗಳಿವೆ. ಅವನ್ನು ತಿಳಿದುಕೊಂಡರೆ ಮೊಬೈಲಿನಲ್ಲಿ ಬರುವ ಯಾವ ಮಾತನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂಬುದು ನಿಮಗೇ ಗೊತ್ತಾಗುತ್ತದೆ.

ಲೋಹವಿಲ್ಲದ ಮಣ್ಣು ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಕಬ್ಬಿಣ ನೂರಕ್ಕೆ ಇಷ್ಟು ಪಾಲು ಎಂದು ಲೆಕ್ಕ ಹಾಕುವಷ್ಟು ಇರುತ್ತದೆ. ಸತು, ತಾಮ್ರ, ನಿಕ್ಕಲ್, ಕ್ರೋಮಿಯಂ, ಸೀಸ, ಕ್ಯಾಡ್ಮಿಯಂ, ಪಾದರಸ ಇವು ಮಾತ್ರ ಅತ್ಯಲ್ಪ. ಒಂದು ಕೆಜಿ ಮಣ್ಣಿನಲ್ಲಿ ಇಷ್ಟು ಮಿಲಿಗ್ರಾಂ ಎಂದು ಎಣಿಸುತ್ತೇವೆ. ಆರ್ಸೆನಿಕ್ ಪೂರ್ತಿ ಲೋಹವಲ್ಲ, ಆದರೂ ಇದೇ ಸಾಲಿನಲ್ಲಿ ಸೇರಿಸುವುದು ರೂಢಿ. ಇವುಗಳಲ್ಲಿ ಸತು ಮತ್ತು ತಾಮ್ರ ಬೆಳೆಗೂ ಬೇಕು, ಮಗುವಿಗೂ ಬೇಕು. ಸೀಸ, ಕ್ಯಾಡ್ಮಿಯಂ, ಪಾದರಸಗಳಿಂದ ದೇಹಕ್ಕೆ ಯಾವ ಉಪಯೋಗವೂ ಇಲ್ಲ.

ಹೊಲದ ಮಣ್ಣಿಗೆ ಇವು ಬಂದದ್ದು ಕಲ್ಲಿನಿಂದ. ಬಂಡೆ ಬಿಸಿಲು ಮಳೆಗೆ ಒಡೆದು, ಕೊಳೆತು, ಸಾವಿರಾರು ವರ್ಷಗಳಲ್ಲಿ ಮಣ್ಣಾಗುತ್ತದೆ. ಅದರಲ್ಲಿದ್ದ ಲೋಹ ಆ ಮಣ್ಣಿನಲ್ಲೇ ಉಳಿಯುತ್ತದೆ. ಹೀಗಾಗಿ ತಾಯಿಬಂಡೆ ಬದಲಾದರೆ ಮಣ್ಣಿನ ಲೋಹವೂ ಬದಲಾಗುತ್ತದೆ. ವಿಜಯಪುರದ ಕಡೆಯ ಕಪ್ಪು ಬಸಾಲ್ಟ್ ಕಲ್ಲಿನಲ್ಲಿ ತಾಮ್ರ, ನಿಕ್ಕಲ್, ಕ್ರೋಮಿಯಂ ಹೆಚ್ಚು, ಸೀಸ ಕಡಿಮೆ. ಗ್ರಾನೈಟ್ ಜಾತಿಯ ಕಲ್ಲಿನಲ್ಲಿ ಸೀಸ ತುಸು ಮೇಲೆ, ಉಳಿದವು ಕೆಳಗೆ. ಹಾಸನ ಜಿಲ್ಲೆಯ ಬೈರಾಪುರದಲ್ಲಿ ಕ್ರೋಮಿಯಂ ಅದಿರನ್ನೇ ಗಣಿಯಿಂದ ತೆಗೆದಿದ್ದಾರೆ. ಅಂಥ ಬಂಡೆಯ ಮೇಲಿನ ಮಣ್ಣಿನಲ್ಲಿ ಕ್ರೋಮಿಯಂ ಹೆಚ್ಚಿದ್ದರೆ ಅದಕ್ಕೆ ಯಾವ ಕಾರ್ಖಾನೆಯೂ ಹೊಣೆಯಲ್ಲ. ಬಿರುಗಾಳಿಯ ಧೂಳು, ಜ್ವಾಲಾಮುಖಿಯ ಬೂದಿ, ಕಾಡ್ಗಿಚ್ಚು ಇವೂ ನಿಸರ್ಗ ಲೋಹ ಹಂಚುವ ದಾರಿಗಳೇ, ಆದರೆ ನಮ್ಮ ಸೀಮೆಯ ಮಟ್ಟಿಗೆ ಬಂಡೆಯದ್ದೇ ದೊಡ್ಡ ಪಾಲು. ಅದರ ಜೊತೆಗೆ ಮಲಪ್ರಭೆ ಮತ್ತು ಬೆಣ್ಣೆಹಳ್ಳದ ನೆರೆ ತಂದು ಹರವುವ ಮೆಕ್ಕಲು.

ಇಲ್ಲಿ ಒಂದು ಎಚ್ಚರ ಬೇಕು. ಯಾರೋ ಮಣ್ಣಿನ ಪರೀಕ್ಷೆ ಮಾಡಿಸುತ್ತಾರೆ. ಕ್ರೋಮಿಯಂ ಕೆಜಿಗೆ ನೂರು ಮಿಲಿಗ್ರಾಂ ದಾಟಿತು, ನಿಕ್ಕಲ್ ಐವತ್ತು ದಾಟಿತು ಎಂದು ವರದಿ ಬರುತ್ತದೆ. ಯಾವುದೋ ಯುರೋಪಿನ ದೇಶದ ಮಿತಿ ತಂದು ಪಕ್ಕಕ್ಕಿಟ್ಟು “ವಿಷದ ನೆಲ” ಎಂದು ಬರೆದುಬಿಡುತ್ತಾರೆ. ಅಂಥ ಮಿತಿಗಳನ್ನು ಹಾಕಿದ್ದು ಆಯಾ ದೇಶದ ಬಂಡೆ, ಆಯಾ ದೇಶದ ಮಣ್ಣು ನೋಡಿ. ಅಳತೆ ಸರಿಯಾಗಿರಬಹುದು, ತೀರ್ಪು ಸರಿಯಿಲ್ಲ. ಇಂಥ ಸುದ್ದಿ ಓದಿ ಮಕ್ಕಳನ್ನು ಹೊಲಕ್ಕೆ ಕರೆದೊಯ್ಯುವುದನ್ನೇ ಬಿಟ್ಟ ಮನೆಗಳನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಒಟ್ಟು ಎಷ್ಟಿದೆ ಎನ್ನುವುದಕ್ಕಿಂತ ಎಷ್ಟು ಬಿಟ್ಟುಕೊಡುತ್ತದೆ ಎನ್ನುವುದು ಮುಖ್ಯ. ನರಗುಂದದವರಿಗೆ ಇದನ್ನು ಹೇಳಲು ದೂರ ಹೋಗಬೇಕಿಲ್ಲ. ಊರಿನ ಹಳೆಯ ಮನೆಗಳ ಕೆಳಗೆ ಜೋಳ ತುಂಬಿಡುತ್ತಿದ್ದ ಹಗೇವುಗಳಿವೆ. ಕೆಲವು ವರ್ಷಗಳ ಹಿಂದೆ ಅಂತರ್ಜಲ ಮೇಲೇರಿ ಮನೆಯೊಳಗೇ ನೆಲ ಕುಸಿದಾಗ ಅವು ಮತ್ತೆ ಸುದ್ದಿಯಾದವು. ಹಗೇವಿನ ತುಂಬ ಕಾಳಿದ್ದರೂ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ್ದರೆ ಒಲೆಯ ಮೇಲಿನ ಗಡಿಗೆಗೆ ಅದರಿಂದ ಏನೂ ಬರುವುದಿಲ್ಲ. ಎರೆಮಣ್ಣು ತನ್ನಲ್ಲಿರುವ ಲೋಹವನ್ನು ಹಾಗೇ ಮುಚ್ಚಿಟ್ಟುಕೊಂಡಿದೆ. ಇದರ ರಸಸಾರ 8ರಿಂದ 9ರ ಆಸುಪಾಸು, ಅಂದರೆ ಕ್ಷಾರ. ಅಗೆದಲ್ಲೆಲ್ಲ ಸಿಗುವ ಬಿಳಿ ಹರಳು ಸುಣ್ಣದ್ದು. ಜೇಡಿಯ ಕಣಗಳು ಎಷ್ಟು ಸಣ್ಣವೆಂದರೆ ಒಂದು ಹಿಡಿ ಮಣ್ಣಿನೊಳಗಿನ ಮೇಲ್ಮೈಗಳನ್ನೆಲ್ಲ ಬಿಡಿಸಿ ಹಾಸಿದರೆ ರಾಶಿ ಮಾಡುವ ಒಂದು ದೊಡ್ಡ ಕಣವನ್ನೇ ಮುಚ್ಚಬಹುದು. ಸುಣ್ಣ, ಕ್ಷಾರ, ಜೇಡಿ ಮೂರೂ ಸೇರಿ ಸೀಸ, ಕ್ಯಾಡ್ಮಿಯಂ, ಸತುಗಳನ್ನು ಗಟ್ಟಿಯಾಗಿ ಹಿಡಿದಿಡುತ್ತವೆ. ಮಲೆನಾಡಿನ ಹುಳಿ ಮಣ್ಣು ಈ ವಿಷಯದಲ್ಲಿ ಇಷ್ಟು ಬಿಗಿಯಲ್ಲ.

ಈ ಬಿಗಿಯ ಇನ್ನೊಂದು ಮುಖವನ್ನು ರೈತರು ದಿನವೂ ನೋಡುತ್ತಾರೆ. ಸಾಮಾನ್ಯ ಮಣ್ಣಿನಲ್ಲಿ ಒಟ್ಟು ಸತು ಕೆಜಿಗೆ ಐವತ್ತು–ಎಪ್ಪತ್ತು ಮಿಲಿಗ್ರಾಂ ಇದ್ದೀತು, ಬೆಳೆಗೆ ಸಿಗುವುದು ಮಾತ್ರ ಒಂದು ಮಿಲಿಗ್ರಾಮಿಗೂ ಕಡಿಮೆ. ಸಿಗುವ ಸತು 0.6 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಕೊರತೆ ಎಂದು ಲೆಕ್ಕ. ಗೋವಿನಜೋಳದ ಎಳೆ ಎಲೆಯಲ್ಲಿ ಬಿಳಿ ಪಟ್ಟೆ ಬರುವುದು, ಶೇಂಗಾ ಹಳದಿಯಾಗುವುದು, ಇದೆಲ್ಲ ಮಣ್ಣಿನಲ್ಲಿ ಇದ್ದೂ ಸಿಗದ ಸತು ಮತ್ತು ಕಬ್ಬಿಣದ ಕಥೆ. 2009ರಲ್ಲಿ ರಾಜ್ಯ ಸರ್ಕಾರ ಇಕ್ರಿಸ್ಯಾಟ್ ಜೊತೆ ಸೇರಿ ಭೂಚೇತನ ಯೋಜನೆ ತಂದಾಗ ಹೊಲಹೊಲದ ಮಣ್ಣು ಪರೀಕ್ಷಿಸಿ ಮುಖ್ಯವಾಗಿ ಕಂಡದ್ದು ಸತು, ಬೋರಾನ್, ಗಂಧಕದ ಕೊರತೆ. ಜಿಂಕ್ ಸಲ್ಫೇಟ್ ಚೀಲ ರೈತ ಸಂಪರ್ಕ ಕೇಂದ್ರದಲ್ಲಿ ಸಿಗುವುದು ಇಂಥ ಕೊರತೆಗಾಗಿಯೇ. ನಮ್ಮ ಹೊಲದ ದೊಡ್ಡ ತೊಂದರೆ ಲೋಹದ ಹೆಚ್ಚಳವಲ್ಲ, ಲೋಹದ ಬಡತನ.

ಹಾಗಂತ ಎಲ್ಲ ಕಾಲಕ್ಕೂ ಈ ಬಿಗಿ ಒಂದೇ ರೀತಿ ಇರುವುದಿಲ್ಲ. ಮಲಪ್ರಭಾ ಕಾಲುವೆ ಬಂದ ಮೇಲೆ ಸವಳು–ಜವಳಾದ ಹೊಲಗಳನ್ನು ನೀವೇ ನೋಡಿದ್ದೀರಿ. ನೀರು ನಿಂತು ಗಾಳಿಯಾಡದ ಮಣ್ಣಿನಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಸಡಿಲಾಗುತ್ತವೆ, ಅವುಗಳ ಮೈಗಂಟಿಕೊಂಡಿದ್ದ ಆರ್ಸೆನಿಕ್ ಇದ್ದರೆ ಅದೂ ನೀರಿಗೆ ಬರಬಹುದು. ಬಸಿಗಾಲುವೆ ಬರೀ ಇಳುವರಿಯ ವಿಷಯವಲ್ಲ ಎಂದು ನಾನು ಹೇಳುವುದು ಇದಕ್ಕೇ.

ಯುಗಾದಿಯ ಮುಂದೆ ಹಿಂದೆ ಎರೆ ಹೊಲಕ್ಕೆ ಹೋಗಿ ನೆಲ ನೋಡಿ. ಅಂಗೈ ಇಳಿಯುವಷ್ಟು ಅಗಲ, ಮೊಣಕೈ ಮುಳುಗುವಷ್ಟು ಆಳ ಬಿರುಕು ಬಿಟ್ಟಿರುತ್ತದೆ. ಗಾಳಿ ಬೀಸಿದಾಗ ಮೇಲಿನ ಪುಡಿಮಣ್ಣು ಆ ಬಿರುಕಿನೊಳಗೆ ಉದುರುತ್ತದೆ. ಮಳೆ ಬಿದ್ದು ನೆಲ ಉಬ್ಬಿದಾಗ ಅದು ಒಳಗೇ ಸೇರಿ ಹೋಗುತ್ತದೆ. ಮಣ್ಣಿನ ಲೋಹ ಬಂಡೆಯದ್ದೋ ಮನುಷ್ಯನದ್ದೋ ಎಂದು ಪತ್ತೆ ಹಚ್ಚಲು ನಾವು ಸಾಮಾನ್ಯವಾಗಿ ಮೇಲಿನ ಪದರ ಮತ್ತು ಆಳದ ಪದರ ಎರಡನ್ನೂ ಹೋಲಿಸುತ್ತೇವೆ. ಮೇಲೆ ಹೆಚ್ಚು, ಕೆಳಗೆ ಕಡಿಮೆ ಇದ್ದರೆ ಹೊರಗಿನಿಂದ ಬಂದದ್ದೆಂದು ಅನುಮಾನ. ಎರೆಮಣ್ಣು ಹೀಗೆ ತನ್ನನ್ನು ತಾನೇ ಮಗುಚಿಕೊಳ್ಳುವುದರಿಂದ ಆ ಲೆಕ್ಕ ಇಲ್ಲಿ ಅಷ್ಟು ಸಲೀಸಲ್ಲ. ಅದಕ್ಕಾಗಿ ಅಲ್ಯುಮಿನಿಯಂ ಅಥವಾ ಟೈಟೇನಿಯಂನಂಥ, ಬಂಡೆಯಿಂದಷ್ಟೇ ಬರುವ ಲೋಹದ ಜೊತೆ ಸೀಸದ ಪ್ರಮಾಣವನ್ನು ತೂಗಿ ನೋಡುತ್ತೇವೆ. ಆ ಅನುಪಾತ ಬಂಡೆಯಲ್ಲಿರುವುದಕ್ಕಿಂತ ಬಹಳ ಮೇಲಿದ್ದರೆ ಯಾರೋ ತಂದು ಹಾಕಿದ್ದಾರೆಂದೇ ಅರ್ಥ.

ಬಂಡೆಯಿಂದ ಬಂದದ್ದೆಲ್ಲ ನಿರಪಾಯ ಎಂದೂ ತಿಳಿಯಬೇಡಿ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಜನ ಮೈಮೇಲೆ ಕಲೆ, ಅಂಗೈ ಅಂಗಾಲಲ್ಲಿ ಗಂಟು, ಕಡೆಗೆ ಚರ್ಮದ ಕ್ಯಾನ್ಸರ್ ಕಂಡರು. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಇತ್ತು, ಮಣ್ಣಿನಲ್ಲೂ ಇತ್ತು. ಪಕ್ಕದಲ್ಲೇ ಮಂಗಳೂರು ಎಂಬ ಊರಿನ ಹಳೆಯ ಚಿನ್ನದ ಗಣಿ. 1994ರಲ್ಲಿ ಕೆಲಸ ನಿಂತಿತ್ತು. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಮತ್ತು ಸಂಗಡಿಗರು ಇದನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವ ಖನಿಜ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಭೂಮಿಯ ಆಳದಲ್ಲಿ ಸುಮ್ಮನಿದ್ದುದನ್ನು ಮೇಲೆ ತಂದು, ಪುಡಿಮಾಡಿ, ಗಾಳಿ ನೀರಿಗೆ ಒಡ್ಡಿದಾಗ ಅದು ಕರಗಲು ಶುರುವಾಗುತ್ತದೆ. ಇದು ನಿಸರ್ಗದ್ದೋ ಮನುಷ್ಯನದ್ದೋ? ಎರಡೂ. 2001ರಲ್ಲಿ ಮುಚ್ಚಿದ ಕೋಲಾರ ಚಿನ್ನದ ಗಣಿಯ ಸೈನೈಡ್ ಗುಡ್ಡಗಳ ಧೂಳು ಇವತ್ತಿಗೂ ಅಲ್ಲಿನವರ ಮನೆಗೆ ಬರುವುದೂ ಇದೇ ಬಗೆಯದ್ದು.

ನಮ್ಮದೇ ಜಿಲ್ಲೆಯ ಕಪ್ಪತಗುಡ್ಡದ ಸೀಮೆಯಲ್ಲಿ, ಕಬಲಾಯತಕಟ್ಟಿ ಕಡೆ, ಬ್ರಿಟಿಷರ ಕಾಲದಲ್ಲಿ ಚಿನ್ನಕ್ಕಾಗಿ ಅಗೆದ ಕುಣಿಗಳಿವೆ. ಅಲ್ಲಿನ ಅದಿರಿನಲ್ಲಿಯೂ ಆರ್ಸೆನಿಕ್ ಖನಿಜ ಇದೆ. ನರಗುಂದ ಆ ಬಂಡೆಪಟ್ಟಿಯಿಂದ ಉತ್ತರಕ್ಕೆ ದೂರ ಇದೆ. ಈ ಊರಿನವರು ಆ ಚಿಂತೆ ಹಚ್ಚಿಕೊಳ್ಳಬೇಕಿಲ್ಲ. ಹಳೆಯ ಗಣಿಯ ರಾಶಿಗಳ ಪಕ್ಕ ಬೀಗರ ಮನೆಯೋ ತವರೋ ಇದ್ದವರು ಮಾತ್ರ ಮಕ್ಕಳನ್ನು ಆ ರಾಶಿಯ ಮೇಲೆ ಆಡಲು ಬಿಡಬೇಡಿ, ಅಲ್ಲಿನ ಬೋರ್‌ವೆಲ್ ನೀರನ್ನು ಆರ್ಸೆನಿಕ್‌ಗಾಗಿ ಒಮ್ಮೆ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನಲ್ಲಿ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು.

ಈಗ ಮನುಷ್ಯರು ತಂದು ಹಾಕುವುದರ ಲೆಕ್ಕ. ಇದು ಇಂದು ನಿನ್ನೆಯದಲ್ಲ. ರೋಮನ್ನರು ಎರಡು ಸಾವಿರ ವರ್ಷಗಳ ಹಿಂದೆ ಬೆಳ್ಳಿಗಾಗಿ ಸೀಸದ ಅದಿರು ಕರಗಿಸಿದ ಹೊಗೆ ಗ್ರೀನ್‌ಲ್ಯಾಂಡಿನ ಹಿಮದ ಪದರಗಳಲ್ಲಿ ಇನ್ನೂ ಇದೆ. ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತದ್ದು 2000ನೇ ಇಸವಿಯಲ್ಲಿ. ಅದಕ್ಕೂ ಮುಂಚೆ ದಶಕಗಟ್ಟಲೆ ವಾಹನ ಉಗುಳಿದ ಸೀಸ ರಸ್ತೆಯಂಚಿನ ಮಣ್ಣಿನಲ್ಲಿ ಇನ್ನೂ ಉಳಿದಿದೆ, ಏಕೆಂದರೆ ಲೋಹ ಕೊಳೆಯುವುದಿಲ್ಲ. ಟೈರು ಸವೆದರೆ ಸತು, ಬ್ರೇಕ್ ಸವೆದರೆ ತಾಮ್ರ. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಗೆ ತಾಗಿದ ಮನೆಯವರು ರಸ್ತೆಯ ಬದಿಯಲ್ಲಿ ಸೊಪ್ಪು ಬೆಳೆಯದೆ ಹಿತ್ತಲಲ್ಲಿ ಬೆಳೆಯಲಿ, ಅಷ್ಟು ಸಾಕು.

ಗೊಬ್ಬರದ ವಿಷಯದಲ್ಲಿ ಹೆದರಿಸುವವರು ಬಹಳ, ಲೆಕ್ಕ ಹಾಕುವವರು ಕಡಿಮೆ. ರಂಜಕದ ಗೊಬ್ಬರ ಮಾಡುವ ಶಿಲೆಯಲ್ಲಿ ಕ್ಯಾಡ್ಮಿಯಂ ಇರುವುದು ನಿಜ. ಡಿಎಪಿಯ 50 ಕೆಜಿ ಚೀಲದಲ್ಲಿ ರಂಜಕದ ಪಾಲು 23 ಕೆಜಿ. ಐರೋಪ್ಯ ಒಕ್ಕೂಟ ಹಾಕಿರುವ ಮಿತಿ ಒಂದು ಕೆಜಿ ರಂಜಕಕ್ಕೆ 60 ಮಿಲಿಗ್ರಾಂ ಕ್ಯಾಡ್ಮಿಯಂ. ನಮ್ಮ ಚೀಲದಲ್ಲಿ ಅಷ್ಟೇ ಇದೆ ಎಂದಿಟ್ಟುಕೊಂಡರೂ ಒಂದು ಚೀಲಕ್ಕೆ ಒಂದೂವರೆ ಗ್ರಾಂ ಒಳಗೆ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣಿನ ತೂಕ ಸುಮಾರು 9 ಲಕ್ಷ ಕೆಜಿ. ಭಾಗಿಸಿ ನೋಡಿ. ವರ್ಷಕ್ಕೊಂದು ಚೀಲದಂತೆ ನೂರು ವರ್ಷ ಹಾಕಿದರೂ ಕೆಜಿ ಮಣ್ಣಿಗೆ 0.15 ಮಿಲಿಗ್ರಾಂ ಸೇರುತ್ತದೆ. ಜಗತ್ತಿನ ಮಣ್ಣುಗಳಲ್ಲಿ ಸಹಜವಾಗಿಯೇ ಸರಾಸರಿ ಇದರ ಎರಡು ಪಟ್ಟಿಗಿಂತ ಹೆಚ್ಚಿದೆ. ಸುಣ್ಣದ ಎರೆಮಣ್ಣು ಅದನ್ನೂ ಕಟ್ಟಿಹಾಕುತ್ತದೆ. ಬೇಡದ ಗೊಬ್ಬರ ಸುರಿಯಬಾರದು, ಸರಿ; ಮಗುವಿನ ಆರೋಗ್ಯಕ್ಕಾಗಿ ಹೆದರಬೇಕಾದ ಮೊದಲ ಸಂಗತಿ ಇದಲ್ಲ.

ಮೈಲುತುತ್ತ ಮತ್ತು ಸುಣ್ಣದ ಬೋರ್ಡೊ ದ್ರಾವಣದ್ದು ಬೇರೆ ಲೆಕ್ಕ. ಅಡಿಕೆಯ ಕೊಳೆರೋಗಕ್ಕೆ ಮೈಸೂರು ಸೀಮೆಯಲ್ಲಿ ಲೆಸ್ಲಿ ಕೋಲ್ಮನ್ ರೂಢಿಗೆ ತಂದದ್ದು, ಈಗ ದ್ರಾಕ್ಷಿ ದಾಳಿಂಬೆಗೂ ಬಂದಿದೆ. ವರ್ಷವೂ ಹಲವು ಸಲ ಸಿಂಪಡಿಸಿದ ತೋಟದಲ್ಲಿ ತಾಮ್ರ ಕೂಡುತ್ತ ಹೋಗುತ್ತದೆ. ತೊಂದರೆ ಮೊದಲು ಎರೆಹುಳಕ್ಕೆ, ಮಕ್ಕಳಿಗಲ್ಲ. ಪಟ್ಟಣದ ಕಸದ ಕಾಂಪೋಸ್ಟ್ ಕೊಳ್ಳುವವರು ಮಾತ್ರ ಚೀಲದ ಮೇಲಿನ ವಿವರ ಓದಿ: ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಅದರಲ್ಲಿ ಸೀಸ ಕೆಜಿಗೆ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರುವಂತಿಲ್ಲ. ಕೈತೋಟಕ್ಕೆ ನನ್ನ ಆಯ್ಕೆ ತಿಪ್ಪೆಗೊಬ್ಬರ.

ಇಷ್ಟೆಲ್ಲ ಹೇಳಿ ಈಗ ಮನೆಯ ಹತ್ತಿರಕ್ಕೆ ಬಂದೆ. ಟ್ರ್ಯಾಕ್ಟರ್, ಇನ್ವರ್ಟರ್, ಆಟೋ ಯಾವುದರದ್ದೇ ಇರಲಿ, ಆಸಿಡ್ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಮುಚ್ಚಿದ ಬ್ಯಾಟರಿಯಿಂದ ಅಪಾಯವಿಲ್ಲ. ಅದನ್ನು ಒಡೆದು, ಪ್ಲೇಟು ತೆಗೆದು, ಬಾಣಲೆಯಲ್ಲಿ ಕರಗಿಸಿ ಗಟ್ಟಿ ಮಾಡಿ ಮಾರುವ ಕೆಲಸ ಇದೆಯಲ್ಲ, ಅದು ಓಣಿಯ ಮಣ್ಣನ್ನು ಕೆಲವೇ ದಿನಗಳಲ್ಲಿ ಕೆಡಿಸುತ್ತದೆ. ಪ್ಲೇಟಿನಿಂದ ಉದುರುವ ಕಂದುಬಣ್ಣದ ನುಣ್ಣನೆ ಪುಡಿಯೇ ಸೀಸದ ಆಕ್ಸೈಡ್. ಸೆನೆಗಲ್ ದೇಶದ ಡಕಾರ್ ನಗರದ ಅಂಚಿನಲ್ಲಿ, ತಿಯಾರಾಯ್ ಸುರ್ ಮೇರ್ ಎಂಬಲ್ಲಿ, ಜನ ಬ್ಯಾಟರಿ ಒಡೆದು ಬಿಸಾಡಿದ ಮಣ್ಣನ್ನು ಮನೆಗೆ ಹೊತ್ತು ತಂದು ಜರಡಿ ಹಿಡಿದರು. 2007ರ ನವೆಂಬರ್‌ನಿಂದ 2008ರ ಮಾರ್ಚ್‌ವರೆಗಿನ ಅವಧಿಯಲ್ಲಿ 18 ಮಕ್ಕಳು ತೀರಿಕೊಂಡರು.

ಲೆಕ್ಕ ಹೀಗಿದೆ. ಅಂಗಳದಲ್ಲಿ ಆಡುವ ಚಿಕ್ಕ ಮಗು ಬೇಕೆಂದು ತಿನ್ನದಿದ್ದರೂ ಬೆರಳು ಚೀಪುವುದರಿಂದ ದಿನಕ್ಕೆ ಸುಮಾರು 100 ಮಿಲಿಗ್ರಾಂ ಮಣ್ಣು, ಧೂಳು ನುಂಗುತ್ತದೆ. ಬಂಡೆಯಿಂದ ಮಾತ್ರ ಬಂದ ಸೀಸ ಇರುವ ಮಣ್ಣು, ಕೆಜಿಗೆ 20 ಮಿಲಿಗ್ರಾಂ ಎನ್ನೋಣ. ಒಳಗೆ ಹೋಗುವುದು 2 ಮೈಕ್ರೋಗ್ರಾಂ. ಬ್ಯಾಟರಿ ಒಡೆದ ಜಾಗದಲ್ಲಿ ಕೆಜಿಗೆ 2000 ಮಿಲಿಗ್ರಾಂ ಇದ್ದರೆ 200 ಮೈಕ್ರೋಗ್ರಾಂ. ಅದೇ ಮಗು, ಅದೇ ಚಿಟಿಕೆ ಮಣ್ಣು, ನೂರು ಪಟ್ಟು ಸೀಸ. ಮಕ್ಕಳು ಆಡುವ ಮನೆಯಂಗಳದ ಮಣ್ಣಿಗೆ ಅಮೆರಿಕದ ಪರಿಸರ ಸಂಸ್ಥೆ ಹಿಂದೆ 400 ಮಿಲಿಗ್ರಾಮಿನ ಎಚ್ಚರಿಕೆಯ ಗೆರೆ ಎಳೆದಿತ್ತು, 2024ರಲ್ಲಿ ಅದನ್ನು 200ಕ್ಕೆ ಇಳಿಸಿತು.

ಬಣ್ಣದ ಕಡೆಗೂ ನೋಡಿ. ಹಳದಿ, ಕೆಂಪು, ಹಸಿರು ಎನಾಮಲ್ ಬಣ್ಣಗಳಿಗೆ ಹೊಳಪು ಕೊಡುತ್ತಿದ್ದುದು ಹೆಚ್ಚಾಗಿ ಸೀಸದ ಕ್ರೋಮೇಟ್. ಮನೆ ಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ಕೇಂದ್ರದ ನಿಯಮ 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಅದಕ್ಕೂ ಹಿಂದೆ ಬಳಿದ ಬಾಗಿಲು, ಕಿಟಕಿ, ಚಕ್ಕಡಿ ನಮ್ಮಲ್ಲಿ ಇನ್ನೂ ಎಷ್ಟೋ ಇವೆ. ಮದುವೆಗೋ ದೀಪಾವಳಿಗೋ ಮುಂಚೆ ಉಸುಕಿನ ಕಾಗದದಿಂದ ಒಣಗಿದ ಬಣ್ಣ ತಿಕ್ಕಿದರೆ ಆ ಪುಡಿಯೆಲ್ಲ ಹೊಸ್ತಿಲ ಮುಂದಿನ ಮಣ್ಣಿಗೆ. ಕಾರಹುಣ್ಣಿಮೆಗೆ ಎತ್ತಿನ ಕೋಡು ಹೆರೆದಾಗ ಹಳೆಯ ವರ್ಷಗಳ ಬಣ್ಣ ಚಕ್ಕೆ ಚಕ್ಕೆಯಾಗಿ ಬೀಳುತ್ತದೆ. ಮಕ್ಕಳು ಅಲ್ಲೇ ಸುತ್ತುತ್ತಿರುತ್ತಾರೆ. ಕೆಳಗೊಂದು ತಾಡಪಾಲು ಹಾಸಿ ಹೆರೆಯಿರಿ, ಬಾಗಿಲನ್ನು ನೀರು ಹಚ್ಚಿ ತಿಕ್ಕಿ, ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ. ಮಣ್ಣೆತ್ತಿಗೆ ಪೇಂಟು ಬೇಡವೇ ಬೇಡ. ಬೇಕಾದರೆ ಸುಣ್ಣದ ಚುಕ್ಕೆ ಇಡಿ.

ಕಾಮದಹನದ ಮಾತು ಹೇಳಿದರೆ ಹುಡುಗರಿಗೆ ಸಿಟ್ಟು ಬರಬಹುದು. ಕಟ್ಟಿಗೆ, ಕುಳ್ಳು ಸುಟ್ಟರೆ ತೊಂದರೆಯಿಲ್ಲ. ಹಳೆ ಟೈರು, ಬಣ್ಣ ಬಳಿದ ಬಾಗಿಲು, ವೈರು ಸುಟ್ಟ ಬೂದಿಯಲ್ಲಿ ಸತು, ಸೀಸ, ತಾಮ್ರ ಮೂರೂ ಉಳಿಯುತ್ತವೆ. ಕಾಮನ ಬೆಂಕಿ ಮನೆಗೆ ತರುವ, ಅದರಲ್ಲಿ ಕಡಲೆ ಸುಡುವ ರೂಢಿ ಇರುವ ಮನೆಗಳಿವೆ. ಅಂಥ ಬೆಂಕಿಗೆ ಟೈರು ಹಾಕಬಾರದೆಂದು ಓಣಿಯ ಹಿರಿಯರು ಒಂದು ಮಾತು ಹೇಳಿದರೆ ಸಾಕು. ಗುಜರಿ ಅಂಗಡಿಯ ಹಿಂದೆ ತಾಮ್ರಕ್ಕಾಗಿ ವೈರು ಸುಡುವ ಜಾಗ, ಗ್ಯಾರೇಜಿನ ಎಣ್ಣೆಮಣ್ಣು ಇವೂ ಮಕ್ಕಳ ಆಟದ ಬಯಲಲ್ಲ. ಬ್ಯಾಟರಿ, ಪೇಂಟಿಂಗ್, ವೆಲ್ಡಿಂಗ್ ಕೆಲಸ ಮಾಡುವ ಅಪ್ಪಂದಿರು ಮಗುವನ್ನು ಎತ್ತಿಕೊಳ್ಳುವ ಮೊದಲು ಬಟ್ಟೆ ಬದಲಿಸಿ ಕೈಕಾಲು ತೊಳೆಯಲಿ. ಆ ಬಟ್ಟೆಯನ್ನು ಮಗುವಿನ ಬಟ್ಟೆಯ ಜೊತೆ ನೆನೆ ಹಾಕಬೇಡಿ.

ಸೀಸ ಮಗುವಿಗೆ ಯಾಕೆ ಇಷ್ಟು ಕೆಟ್ಟದ್ದು? ದೊಡ್ಡವರು ನುಂಗಿದ ಸೀಸದಲ್ಲಿ ಹತ್ತರಲ್ಲೊಂದು ಪಾಲು ರಕ್ತಕ್ಕೆ ಸೇರಿದರೆ, ಸಣ್ಣ ಮಕ್ಕಳಲ್ಲಿ ಹತ್ತಕ್ಕೆ ನಾಲ್ಕೈದು ಪಾಲು ಸೇರುತ್ತದೆ. ಬೆಳೆಯುತ್ತಿರುವ ಮೆದುಳಿನ ಮೇಲೆ ಅದರ ಪರಿಣಾಮ: ಕಲಿಕೆ ಹಿಂದೆ ಬೀಳುವುದು, ಗಮನ ನಿಲ್ಲದಿರುವುದು, ರಕ್ತಹೀನತೆ. ಸುರಕ್ಷಿತ ಎನ್ನಬಹುದಾದ ಪ್ರಮಾಣ ಇದಕ್ಕಿಲ್ಲ. ರಕ್ತದಲ್ಲಿ 100 ಮಿಲಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಮೂಲ ಹುಡುಕಿ ನಿಲ್ಲಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಯುನಿಸೆಫ್ 2020ರ ವರದಿಯಲ್ಲಿ ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರು ಈ ಗೆರೆ ದಾಟಿರಬಹುದೆಂದು ಅಂದಾಜಿಸಿದೆ. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಸೀಸದ ವಿಷಬಾಧೆಯ ರಾಷ್ಟ್ರೀಯ ಕೇಂದ್ರ ಕಟ್ಟಿದ ತುಪ್ಪಿಲ್ ವೆಂಕಟೇಶ್ ವರ್ಷಾನುಗಟ್ಟಲೆ ಇದನ್ನೇ ಹೇಳುತ್ತ ಬಂದರು.

ಹೊಟ್ಟೆ ಖಾಲಿ ಇದ್ದರೆ, ರಕ್ತದಲ್ಲಿ ಕಬ್ಬಿಣ ಕಡಿಮೆ ಇದ್ದರೆ ಕರುಳು ಸೀಸವನ್ನು ಇನ್ನಷ್ಟು ಹೀರುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಂದಿಗೆ ರಕ್ತಹೀನತೆ. ಮಗು ಮಣ್ಣು ತಿನ್ನುವುದಕ್ಕೂ ಇದೇ ಕಾರಣವಿರಬಹುದು. ಹಾಗಾಗಿ ಮಣ್ಣು ತಿಂದ ಮಗುವಿಗೆ ಏಟು ಕೊಡುವುದು ದಡ್ಡತನ; ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವುದು ಜಾಣತನ. ನಿಜ ಹೇಳಬೇಕೆಂದರೆ ಹೊಲದ ಮಣ್ಣು ತಿಂದ ಮಗುವಿಗೆ ನಮ್ಮ ಕಡೆ ಕಾದಿರುವ ದೊಡ್ಡ ತೊಂದರೆ ಜಂತುಹುಳ. ಫೆಬ್ರುವರಿ ಮತ್ತು ಆಗಸ್ಟ್ ತಿಂಗಳ ಜಂತುಹುಳು ನಿವಾರಣಾ ದಿನದ ಮಾತ್ರೆ ತಪ್ಪಿಸಬೇಡಿ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ ಆರು ತಿಂಗಳಿನಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಸಲ ಒಂದೊಂದು ಮಿಲಿ. ಶೀಶೆ ಗೂಡಿನಲ್ಲಿ ಧೂಳು ಹಿಡಿಯುವುದು ಬೇಡ. ಭೇದಿ ಆದಾಗ ಓಆರ್‌ಎಸ್ ಜೊತೆ ಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತರೂ ಬಿಡದೆ ಒಟ್ಟು ಹದಿನಾಲ್ಕು ದಿನ ಪೂರ್ತಿ ಕೊಡಿ. ಮಣ್ಣು ಬಿಟ್ಟುಕೊಡದ ಸತು ರೊಟ್ಟಿಯಲ್ಲೂ ಕಡಿಮೆ ಇರುತ್ತದೆ ಎಂಬುದು ನೆನಪಿರಲಿ.

ಊಟದಲ್ಲಿ ಮೊಳಕೆ ಹೆಸರುಕಾಳು, ಮೆಂತೆ ಅಥವಾ ರಾಜಗಿರಿ ಪಲ್ಯ, ಮೇಲೆ ಲಿಂಬೆಹುಳಿ, ಶೇಂಗಾ ಹಿಂಡಿ, ಶಾಲೆಯ ಹಾಲು ಮತ್ತು ಮೊಟ್ಟೆ. ಊಟದ ಜೊತೆ ಮಕ್ಕಳಿಗೆ ಚಹಾ ಕೊಡುವ ರೂಢಿ ಬಿಡಿ, ಅದು ಕಬ್ಬಿಣವನ್ನು ದೇಹಕ್ಕೆ ಸೇರಗೊಡುವುದಿಲ್ಲ. ಹುಬ್ಬಳ್ಳಿ–ಧಾರವಾಡದ ಸುತ್ತ ಕೊಳಚೆ ನೀರಿನಲ್ಲಿ ತರಕಾರಿ ಬೆಳೆಯುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಎಲ್ಲಿಂದ ಬಂದ ಸೊಪ್ಪಾದರೂ ಎರಡು ನೀರಿನಲ್ಲಿ ತೊಳೆಯಿರಿ. ಸೊಪ್ಪಿನ ಮೇಲಿನ ಸೀಸದಲ್ಲಿ ಬಹುಪಾಲು ಅಂಟಿದ ಧೂಳಿನದ್ದೇ.

ಪರೀಕ್ಷೆ ಮಾಡಿಸಬೇಕೆ ಎಂದು ಕೇಳುವವರಿಗೆ: ಹೊಲಕ್ಕೆ ಕೊಡುವ ಮಣ್ಣು ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳಿರುತ್ತವೆ. ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಅದರಲ್ಲಿವೆ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಇಲ್ಲ. ಚೀಟಿ ಚೆನ್ನಾಗಿದೆ ಎಂದ ಮಾತ್ರಕ್ಕೆ ಅಂಗಳ ಚೆನ್ನಾಗಿದೆ ಎಂದಲ್ಲ. ಹೊಲದ ಸತು ತಿಳಿಯಬೇಕಿದ್ದರೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ ಇದೆ, ರೈತ ಸಂಪರ್ಕ ಕೇಂದ್ರ ಇದೆ. ಸೀಸಕ್ಕಾಗಿ ಎಲ್ಲರೂ ಹಣ ಖರ್ಚು ಮಾಡಬೇಕಿಲ್ಲ. ಮನೆಯ ಪಕ್ಕ ಬ್ಯಾಟರಿ ಒಡೆಯುವ ಅಥವಾ ಕರಗಿಸುವ ಕೆಲಸ ಈಗ ನಡೆಯುತ್ತಿದ್ದರೆ, ಇಲ್ಲವೇ ಹಿಂದೆ ನಡೆದಿದ್ದರೆ ಮಾತ್ರ ಮಾಡಿಸಿ. ಆಗ ಆಳ ಅಗೆಯಬೇಡಿ. ಮಗುವಿನ ಕೈಗೆ ಹತ್ತುವುದು ಮೇಲಿನ ಒಂದು ಅಂಗುಲ, ಅದನ್ನೇ ನಾಲ್ಕೈದು ಕಡೆ ಕೆರೆದು ಕೂಡಿಸಿ ಕೊಡಿ. ಅದಕ್ಕಿಂತ ಮುಂಚೆ ಮಗುವಿನ ರಕ್ತದಲ್ಲಿ ಸೀಸ ಎಷ್ಟಿದೆ ನೋಡಲು ಮಕ್ಕಳ ವೈದ್ಯರನ್ನು ಕೇಳಿ. ಕೆಟ್ಟ ಜಾಗ ಸಣ್ಣದಿದ್ದರೆ ಮೇಲೆ ಅರ್ಧ ಅಡಿ ಒಳ್ಳೆಯ ಗರಸು ಹಾಕಿ ಬಡಿದು, ಫರಸಿ ಹಾಸಿಬಿಡಿ. ಒಣ ಕಸಬರಿಗೆಯಿಂದ ಗುಡಿಸುವ ಬದಲು ನೀರು ಚಿಮುಕಿಸಿ ಗುಡಿಸಿ. ಮಗು ಊಟಕ್ಕೆ ಕೂರುವ ಮುಂಚೆ, ಮಲಗುವ ಮುಂಚೆ ಸಾಬೂನಿನಿಂದ ಕೈ ತೊಳೆಸಿ.

ಒಂದು ಕೆಲಸ ಮಾತ್ರ ಮುಂದೂಡಬೇಡಿ. ಮನೆಯ ಮೂಲೆಯಲ್ಲೋ ದನದ ಕೊಟ್ಟಿಗೆಯಲ್ಲೋ ಸತ್ತ ಬ್ಯಾಟರಿ ಬಿದ್ದಿದ್ದರೆ ಗುಜರಿಯವನ ತೂಕಕ್ಕೆ ಕೊಡಬೇಡಿ, ಒಡೆದು ಅದರ ಡಬ್ಬಿಯಲ್ಲಿ ಗಿಡ ಹಚ್ಚಬೇಡಿ. ಹಳೆಯದನ್ನು ಮರಳಿ ಪಡೆಯುವ ಹೊಣೆಯನ್ನು 2001ರ ನಿಯಮ ವ್ಯಾಪಾರಿಗಳು, ತಯಾರಕರು ಇಬ್ಬರ ಮೇಲೂ ಹಾಕಿತ್ತು, 2022ರ ನಿಯಮವೂ ತಯಾರಕರ ಮೇಲೆ ಹಾಕಿದೆ. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅದೇ ಅಂಗಡಿಗೆ ಒಪ್ಪಿಸಿ, ರಸೀದಿ ಕೇಳಿ ಪಡೆಯಿರಿ.